ಕೆಚ್ಚಲು ಬಾವಿನ ಸ್ಟ್ಯಾಫ್ ಆರಿಯಸ್: 16ಎಸ್ ಒಂದೇ ಮಾಡಿಸಿದರೆ ಟೈಪ್ ಗೊತ್ತಾಗುತ್ತಾ?

ಧಾರವಾಡ_ಎಂಎಸ್ಸಿ:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಕಲಘಟಗಿ, ಕುಂದಗೋಳ, ನವಲಗುಂದ ಕಡೆಯ ಹಳ್ಳಿಗಳಿಂದ ಕೆಚ್ಚಲು ಬಾವು ಬಂದ ಆಕಳು, ಎಮ್ಮೆಗಳ ಹಾಲು ತಂದು ಕಲ್ಚರ್ ಹಾಕಿದ್ದೆವು. ಮ್ಯಾನಿಟಾಲ್ ಸಾಲ್ಟ್ ಅಗಾರ್ ಮೇಲೆ ಹಳದಿ ಬಂದವು. ಗ್ರಾಂ ಪಾಸಿಟಿವ್, ಗೊಂಚಲು ಗೊಂಚಲಾಗಿ ಕಾಣುತ್ತವೆ, ಟ್ಯೂಬ್ ಕೊಯಾಗ್ಯುಲೇಸ್ ಪಾಸಿಟಿವ್. ಅಂಥವು ನಲವತ್ತರ ಹತ್ತಿರ ಇವೆ. ಸ್ಟ್ಯಾಫ್ ಆರಿಯಸ್ (ಬಾವು ತರುವ ಒಂದು ಬ್ಯಾಕ್ಟೀರಿಯಾ) ಅಂತ ಬರೆದುಕೊಂಡು ಗ್ಲಿಸರಾಲ್ ಹಾಕಿ ಇಟ್ಟಿದ್ದೇನೆ.

ಈಗ ತಲೆ ಕೆಟ್ಟಿರೋದು ಮುಂದಿನ ಹಂತಕ್ಕೆ. ಗೈಡ್ ಸರ್ "16ಎಸ್ ಸೀಕ್ವೆನ್ಸ್ ಮಾಡಿಸು, ಮಾಲಿಕ್ಯುಲರ್ ಕೆಲಸ ಅಂತ ಆಗುತ್ತೆ" ಅಂತಾರೆ. ಸೀನಿಯರ್ ಒಬ್ಬರು "ಆರ್‌ಎಪಿಡಿ ಮಾಡು, ಒಂದೇ ಪ್ರೈಮರ್ ಸಾಕು, ಸೋವಿಯಲ್ಲಿ ಮುಗಿಯುತ್ತೆ" ಅಂತಾರೆ. ಇಂಟರ್ನೆಟ್‌ನಲ್ಲಿ ನೋಡಿದರೆ ಎಂಎಲ್‌ಎಸ್‌ಟಿ, ಸ್ಪಾ, ಪಿಎಫ್‌ಜಿಇ, ಹೋಲ್ ಜೀನೋಮ್ ಅಂತ ಒಂದರ ಮೇಲೊಂದು ಹೆಸರು. ಯಾವುದು ಯಾಕೆ ಅಂತ ಒಂದೇ ಕಡೆ ಯಾರೂ ಹೇಳಿಲ್ಲ.

ನಿಜ ಹೇಳಬೇಕಂದ್ರೆ ನನಗೆ ಬೇಕಾದ್ದು ಬೇರೆಯೇ. ಕುಂದಗೋಳದ ಹತ್ತಿರ ಒಂದು ಮನೆಯಲ್ಲಿ ಮೂರು ಆಕಳಿಗೂ ಒಂದರ ಹಿಂದೆ ಒಂದಕ್ಕೆ ಬಾವು ಬಂದಿತ್ತು. ಆ ಮನೆಯ ಅಜ್ಜಿ ಕೇಳಿದರು, "ಇದು ಒಂದರಿಂದ ಒಂದಕ್ಕ ಹತ್ತೈತೋ, ಇಲ್ಲಾ ಎಲ್ಲಾದಕ್ಕೂ ಬ್ಯಾರೆ ಬ್ಯಾರೆ ಬಂದೈತೋ?" ಉತ್ತರ ಗೊತ್ತಿರಲಿಲ್ಲ, ಸುಮ್ನೆ ನಕ್ಕು ಬಂದೆ. ಹಾಲು ಹಿಂಡುವವರ ಕೈಯಿಂದಲೂ ಸ್ವಾಬ್ ತೆಗೆದರೆ ಚೆನ್ನಾಗಿರುತ್ತಾ ಅಂತಲೂ ಯೋಚನೆ ಇದೆ.

ನಮ್ಮ ಲ್ಯಾಬಿನಲ್ಲಿ ಇರೋದು ಒಂದು ಥರ್ಮೋಸೈಕ್ಲರ್, ಜೆಲ್ ಟ್ಯಾಂಕ್, ಯುವಿ ಟ್ರಾನ್ಸಿಲ್ಯುಮಿನೇಟರ್. ಸೀಕ್ವೆನ್ಸಿಂಗ್ ಹೊರಗೆ ಕಳಿಸಬೇಕು. ದುಡ್ಡು ನನ್ನ ಕೈಯಿಂದ. ಯಾರಾದರೂ ದಾರಿ ತೋರಿಸಿ.

ಹುಬ್ಬಳ್ಳಿ_ಲ್ಯಾಬ್:

ನಾನು ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಲ್ಯಾಬ್ ಒಂದರಲ್ಲಿ ಮೈಕ್ರೋಬಯಾಲಜಿ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಬರೋದು ಮನುಷ್ಯರ ಸ್ಯಾಂಪಲ್, ಆದರೆ ಲೆಕ್ಕ ಅದೇ.

ನಿಮ್ಮ ಗೈಡ್ ಹೇಳಿದ್ದು ತಪ್ಪಲ್ಲ. ಆದರೆ ಅದರಿಂದ ಅಜ್ಜಿಗೆ ಉತ್ತರ ಸಿಗಲ್ಲ. ಬ್ಯಾಕ್ಟೀರಿಯಾ ಯಾವ ಜಾತಿ ಅನ್ನೋದು ಒಂದು ಪ್ರಶ್ನೆ. ಅದೇ ಜಾತಿಯೊಳಗೆ ಯಾವ ತಳಿ ಅನ್ನೋದು ಇನ್ನೊಂದು. ಧಾರವಾಡದಲ್ಲಿ ಪಾಟೀಲರ ಮನೆ ಎಲ್ಲಿ ಅಂತ ಕೇಳಿ ನೋಡಿ, ಯಾವ ಪಾಟೀಲರು ಅಂತ ತಿರುಗಿ ಕೇಳುತ್ತಾರೆ. 16ಎಸ್ ನಿಮ್ಮನ್ನು ಪಾಟೀಲ ಅನ್ನೋವರೆಗೆ ತಂದು ಬಿಡುತ್ತೆ, ಅಷ್ಟೇ.

ಯಾಕೆ ಅಂದ್ರೆ, 16ಎಸ್ ಅನ್ನೋದು ರೈಬೋಸೋಮಿನ ಒಂದು ಭಾಗದ ಜೀನ್, ಡಿಎನ್‌ಎಯ ಸುಮಾರು 1500 ಅಕ್ಷರ (ಬೇಸ್) ಉದ್ದ. ಪ್ರೋಟೀನ್ ತಯಾರಿಕೆಗೆ ಬೇಕೇ ಬೇಕು, ಹಾಗಾಗಿ ಅದು ಬಹಳ ನಿಧಾನಕ್ಕೆ ಬದಲಾಗುತ್ತೆ. ಈ ನಿಧಾನವೇ ಅದರ ಗುಣ. 1977ರಲ್ಲಿ ಕಾರ್ಲ್ ವೋಸ್ ಅವರು ಇದೇ ಆರ್‌ಎನ್‌ಎ ಹೋಲಿಸಿ ಆರ್ಕಿಯಾ ಅನ್ನೋ ಬೇರೆಯದೇ ಗುಂಪು ಇದೆ ಅಂತ ತೋರಿಸಿದ್ದು. ದೂರದ ಸಂಬಂಧ ನೋಡೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಹತ್ತಿರದವರನ್ನು ಬೇರೆ ಮಾಡೋಕೆ ಮಾತ್ರ ಆಗಲ್ಲ. ಇ. ಕೋಲೈ ಮತ್ತು ಶಿಗೆಲ್ಲಾ 16ಎಸ್‌ನಲ್ಲಿ ಬೇರೆ ಮಾಡಲು ಬರಲ್ಲ. ನ್ಯೂಮೋಕಾಕಸ್ ಮತ್ತು ಬಾಯಲ್ಲಿರೋ ಸ್ಟ್ರೆಪ್ ಮೈಟಿಸ್ ಕೂಡ ಕಷ್ಟ. ನಿಮ್ಮ ಸ್ಟ್ಯಾಫ್ ಆರಿಯಸ್‌ಗೇ ಸ್ಟ್ಯಾಫ್ ಅರ್ಜೆಂಟಿಯಸ್ ಅಂತ ಒಬ್ಬ ದಾಯಾದಿ ಇದೆ. ಎರಡರ 16ಎಸ್ ಒಂದೇ. ಜಾತಿಯನ್ನೇ ಬೇರೆ ಮಾಡಲಾಗದ ಕಡೆ ಅದು ತಳಿ ಹೇಗೆ ಹೇಳುತ್ತೆ ಹೇಳಿ.

ಮೂರು ಆಕಳಿನ ಮೂರಕ್ಕೂ 16ಎಸ್ ಮಾಡಿಸಿದರೆ ಮೂರೂ ಶೇಕಡ 99ರ ಮೇಲೆ ಸ್ಟ್ಯಾಫ್ ಆರಿಯಸ್ ಅಂತ ಬರುತ್ತೆ. ಅದನ್ನು ನೋಡಿ "ಒಂದೇ ತಳಿ ಹರಡಿದೆ" ಅಂತ ಬರೆದುಬಿಟ್ಟರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಇಂಥ ಥೀಸಿಸ್ ಎಷ್ಟೋ ಇವೆ, ಅದು ಬೇರೆ ಮಾತು.

ಜಾತಿ ಖಾತ್ರಿ ಮಾಡಿಕೊಳ್ಳೋಕೆ ನಲವತ್ತನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಬೇಡಿ. ನ್ಯೂಕ್ ಜೀನಿನ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ಮಾತ್ರ ಲಕ್ಷಾಂತರ ಪ್ರತಿ ಮಾಡೋದು) ಮಾಡಿ. ಸ್ಟ್ಯಾಫ್ ಆರಿಯಸ್ ಮಾಡುವ ಥರ್ಮೋನ್ಯೂಕ್ಲಿಯೇಸ್‌ನ ಜೀನ್ ಅದು. ಎಲ್ಲರೂ ಬಳಸುವ ಪ್ರೈಮರ್‌ನಲ್ಲಿ (ನಕಲು ಶುರು ಮಾಡಿಸೋ ಚಿಕ್ಕ ಡಿಎನ್‌ಎ ತುಂಡು) 280 ಅಕ್ಷರದ ಆಸುಪಾಸಿನಲ್ಲಿ ಒಂದು ಬ್ಯಾಂಡ್ ಬರುತ್ತೆ. ನಿಮ್ಮ ಜೆಲ್ ಟ್ಯಾಂಕ್‌ನಲ್ಲೇ ಎರಡು ದಿನದ ಕೆಲಸ. ಬ್ಯಾಂಡ್ ಬರದೇ ಇದ್ದವನ್ನು ಮಾತ್ರ 16ಎಸ್‌ಗೆ ಕಳಿಸಿ. ಕೊಯಾಗ್ಯುಲೇಸ್ ಪಾಸಿಟಿವ್ ಆಗಿಯೂ ಆರಿಯಸ್ ಅಲ್ಲದವು ಪ್ರಾಣಿಗಳಲ್ಲಿ ಇರುತ್ತವೆ. ನಾಯಿಯಲ್ಲಿ ಜಾಸ್ತಿ ಕಾಣೋ ಸ್ಯೂಡಿಂಟರ್‌ಮೀಡಿಯಸ್ ಇದೆ, ಹೈಕಸ್ ಇದೆ. ಹಾಗಾಗಿ ಟ್ಯೂಬ್ ಟೆಸ್ಟ್ ನಂಬಿ ಕೂರಬೇಡಿ.

ದೊಡ್ಡ ಆಸ್ಪತ್ರೆಗಳಲ್ಲಿ ಈಗ ಮಾಲ್ಡಿ-ಟಾಫ್ ಬಂದಿದೆ. ಕಾಲೋನಿ ಹಚ್ಚಿ ಲೇಸರ್ ಹೊಡೆದರೆ ಪ್ರೋಟೀನ್‌ಗಳ ತೂಕ ನೋಡಿ ಕೆಲವೇ ನಿಮಿಷದಲ್ಲಿ ಜಾತಿ ಹೇಳಿಬಿಡುತ್ತೆ. ಡಿಎನ್‌ಎ ಮುಟ್ಟೋದೇ ಇಲ್ಲ. ತಳಿ ವಿಷಯಕ್ಕೆ ಬಂದರೆ ಅದರ ಮೇಲೂ ಭರವಸೆ ಇಡೋಕಾಗಲ್ಲ.

ಇನ್ನು ಆರ್‌ಎಪಿಡಿ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಚಿಕ್ಕ ಪ್ರೈಮರ್, ಕಡಿಮೆ ತಾಪಮಾನ, ಎಲ್ಲೆಲ್ಲೋ ಹೋಗಿ ಅಂಟುತ್ತೆ. ಡಿಎನ್‌ಎ ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಆದರೆ ಬ್ಯಾಂಡ್ ಬದಲಾಗುತ್ತೆ. ಮೆಗ್ನೀಸಿಯಂ ಬದಲಾದರೆ ಬದಲಾಗುತ್ತೆ, ಬೇರೆ ಮಷಿನ್‌ನಲ್ಲಿ ಹಾಕಿದರೂ ಬದಲಾಗುತ್ತೆ. ಇವತ್ತಿನ ಜೆಲ್ ಮತ್ತು ಮುಂದಿನ ವಾರದ ಜೆಲ್ ಪಕ್ಕಪಕ್ಕ ಇಟ್ಟು ನೋಡೋಕಾಗಲ್ಲ ಅಂದ ಮೇಲೆ ಸೋವಿ ಆಗಿ ಏನು ಪ್ರಯೋಜನ?

ರಾಣೆಬೆನ್ನೂರಿನವ:

ಇಷ್ಟೆಲ್ಲ ಯಾಕ್ರೀ. ಹೋಲ್ ಜೀನೋಮ್ ಮಾಡಿಸಿಬಿಡಿ. ಜಾತಿ, ತಳಿ, ಔಷಧ ತಡೆಯುವ ಜೀನ್, ವಿಷದ ಜೀನ್ ಎಲ್ಲ ಒಂದೇ ಸಲಕ್ಕೆ ಬರುತ್ತೆ. ಅಮೆರಿಕದ ಪಲ್ಸ್‌ನೆಟ್‌ನವರೇ (ಆಹಾರದಿಂದ ಹರಡೋ ಸೋಂಕು ಪತ್ತೆ ಹಚ್ಚೋ ಲ್ಯಾಬ್‌ಗಳ ಜಾಲ) 2019ರಲ್ಲಿ ಪಿಎಫ್‌ಜಿಇ (ಇಡೀ ಡಿಎನ್‌ಎ ಕತ್ತರಿಸಿ ಜೆಲ್ ಮೇಲೆ ಬ್ಯಾಂಡ್ ನೋಡೋ ವಿಧಾನ) ಬಿಟ್ಟು ಜೀನೋಮ್‌ಗೆ ಹೋದರು. ನೀವಿಲ್ಲಿ ಇನ್ನೂ ಜೆಲ್ ಮೇಲೆ ಬ್ಯಾಂಡ್ ಎಣಿಸಿಕೊಂಡು ಕೂತಿದ್ದೀರಿ.

ಹುಬ್ಬಳ್ಳಿ_ಲ್ಯಾಬ್:

ಪಲ್ಸ್‌ನೆಟ್ 1996ರಲ್ಲಿ ಶುರುವಾಗಿದ್ದು. ಅದಕ್ಕೆ ಕಾರಣ 1993ರಲ್ಲಿ ಅಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಿಗೆ ಇ. ಕೋಲೈ ಒ157 ಬಂದು ಮಕ್ಕಳು ಸತ್ತಿದ್ದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಆ ಬ್ಯಾಂಡ್ ಎಣಿಸಿಯೇ ಎಷ್ಟೋ ಹಾವಳಿ ಹಿಡಿದರು. ಹಳೆಯದು ಅಂದ ತಕ್ಷಣ ಕೆಲಸಕ್ಕೆ ಬಾರದ್ದು ಅಂತಲ್ಲ.

ನೀವು ಹೇಳೋದು ತಾತ್ವಿಕವಾಗಿ ಸರಿ. ಜೀನೋಮ್‌ಗಿಂತ ಮೇಲೆ ಏನೂ ಇಲ್ಲ. ಆದರೆ ಈ ಹುಡುಗನ ಕೈಯಲ್ಲಿ... (ಹುಡುಗನೋ ಹುಡುಗಿಯೋ, ಕ್ಷಮಿಸಿ) ಒಂದು ಥರ್ಮೋಸೈಕ್ಲರ್ ಇದೆ, ದುಡ್ಡು ಸ್ವಂತದ್ದು. ಡೇಟಾ ಬಂದ ಮೇಲೆ ಅದನ್ನು ಜೋಡಿಸಿ, ಒಂದಕ್ಕೊಂದು ಎಷ್ಟು ಅಕ್ಷರ ವ್ಯತ್ಯಾಸ ಅಂತ ಲೆಕ್ಕ ಹಾಕೋರು ಯಾರು? ಸ್ಟ್ಯಾಫ್ ಜೀನೋಮ್ ಅಂದರೆ ಸುಮಾರು 28 ಲಕ್ಷ ಅಕ್ಷರ. ಕಂಪನಿಯವರು ಪಿಡಿಎಫ್ ರಿಪೋರ್ಟ್ ಕೊಡುತ್ತಾರೆ, ಅದನ್ನೇ ಥೀಸಿಸ್‌ಗೆ ಅಂಟಿಸೋದು. ಅದರಿಂದ ಕಲಿಯೋದು ಏನೂ ಇಲ್ಲ.

ರಾಣೆಬೆನ್ನೂರಿನವ:

ಗ್ಯಾಲಕ್ಸಿ ತರಹದ ವೆಬ್‌ಸೈಟ್‌ಗಳಲ್ಲಿ ಕೋಡಿಂಗ್ ಬರದವರೂ ಮಾಡಬಹುದು, ಅದೂ ಫ್ರೀ. ನಲವತ್ತೂ ಬೇಡ ಅಂತೀರಾ, ಸರಿ. ಆ ಒಂದು ಮನೆಯ ಮೂರಕ್ಕೆ ಮಾಡಿಸಲಿ. ಅಜ್ಜಿ ಕೇಳಿದ್ದು ಆ ಮೂರರ ಬಗ್ಗೆ ತಾನೆ?

ಪಾವಟೆನಗರ_ಪಿಎಚ್‌ಡಿ:

ಮೂರನ್ನು ಮಾತ್ರ ಮಾಡಿಸಿದರೆ ಅಜ್ಜಿಗೆ ಉತ್ತರ ಅರ್ಧ ಮಾತ್ರ ಸಿಗುತ್ತೆ. ಎಲ್ಲರೂ ಎಡವೋ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೇನೆ.

ಟೈಪಿಂಗ್‌ನಲ್ಲಿ "ಬೇರೆ" ಅಂತ ಬಂದರೆ ಅದು ಗಟ್ಟಿ ಉತ್ತರ. "ಒಂದೇ" ಅಂತ ಬಂದರೆ ಅದು ಯಾವಾಗಲೂ ಸಡಿಲ. ಮೂರು ಆಕಳಿನ ಟೈಪ್ ಬೇರೆ ಬೇರೆ ಬಂತು ಅಂದ್ಕೊಳ್ಳಿ, ಒಂದರಿಂದ ಒಂದಕ್ಕೆ ಹತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಮೂರೂ ಒಂದೇ ಟೈಪ್ ಬಂದರೆ? ನವಲಗುಂದದ ಆಕಳಿಗೂ ಅದೇ ಟೈಪ್ ಇದ್ದರೆ? ಆಗ ಆ ಮನೆಯೊಳಗೆ ಹರಡಿತು ಅನ್ನೋಕೆ ಆಧಾರ ಉಳಿಯಲ್ಲ, ಈ ಸೀಮೆಯಲ್ಲೆಲ್ಲ ಓಡಾಡೋ ಸಾಮಾನ್ಯ ಟೈಪ್ ಅದು ಅಂತಾಗುತ್ತೆ. ಆಕಳಲ್ಲಿ ಇದು ನಿಜವಾಗಿಯೂ ಆಗುತ್ತೆ. ಎಸ್‌ಟಿ 97 (ಎಸ್‌ಟಿ ಅಂದರೆ ಎಂಎಲ್‌ಎಸ್‌ಟಿ ವಿಧಾನದಲ್ಲಿ ತಳಿಗೆ ಕೊಡೋ ನಂಬರ್) ಮತ್ತು ಅದರ ಬಳಗ ಜಗತ್ತಿನ ಎಷ್ಟೋ ದೇಶಗಳ ಆಕಳ ಕೆಚ್ಚಲಲ್ಲಿ ಸಿಕ್ಕಿದೆ. ಹಾಗಾಗಿ ನಿಮ್ಮ ಹತ್ತಿರ ಇರೋ ಬೇರೆ ಊರಿನ ಐಸೊಲೇಟ್‌ಗಳೇ (ಸ್ಯಾಂಪಲ್‌ನಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ನಿಮ್ಮ ಆಸ್ತಿ. ಮೂರನ್ನು ಅಳೆಯೋಕೆ ಉಳಿದವು ಬೇಕು.

ಈಗ ಯಾವ ವಿಧಾನ ಅಂತ. ನಾನಾದರೆ ಎರಡು ಜರಡಿ ಹಿಡಿಯುತ್ತೇನೆ.

ಮೊದಲು ಎಲ್ಲಕ್ಕೂ ಕೊಯಾಗ್ಯುಲೇಸ್ ಜೀನಿನ ಪಿಸಿಆರ್, ಆಮೇಲೆ ಆ ಬ್ಯಾಂಡನ್ನು ಆಲು-ಒನ್ ಕಿಣ್ವದಿಂದ ಕತ್ತರಿಸಿ ಜೆಲ್ ಓಡಿಸೋದು. ಈ ಜೀನಿನ ಒಂದು ತುದಿಯಲ್ಲಿ 81 ಅಕ್ಷರದ ತುಂಡು ಮತ್ತೆ ಮತ್ತೆ ಬರುತ್ತೆ. ಒಂದೊಂದು ತಳಿಯಲ್ಲಿ ಒಂದೊಂದು ಸಂಖ್ಯೆ. ಹಾಗಾಗಿ ಕತ್ತರಿಸೋ ಮೊದಲೇ ಬ್ಯಾಂಡ್ ಸೈಜ್ ಬೇರೆ ಬೇರೆ ಕಾಣುತ್ತೆ, ಕತ್ತರಿಸಿದ ಮೇಲೆ ಇನ್ನೂ ಒಡೆಯುತ್ತೆ. ಸೀಕ್ವೆನ್ಸಿಂಗ್ ಬೇಡ, ನಿಮ್ಮಲ್ಲಿರೋ ಸಾಮಾನಿನಲ್ಲೇ ಆಗುತ್ತೆ. ಬೇರೆ ಮಾಡೋ ಶಕ್ತಿ ಸಾಧಾರಣ, ಆದರೆ ಗುಂಪು ಮಾಡಿಕೊಳ್ಳೋಕೆ ಸಾಕು.

ಆಮೇಲೆ ಒಂದೊಂದು ಗುಂಪಿನಿಂದ ಕೆಲವನ್ನು, ಆ ಮನೆಯ ಮೂರನ್ನಂತೂ ಖಂಡಿತ, ಸ್ಪಾ ಟೈಪಿಂಗ್‌ಗೆ ಹಾಕಿ. ಪ್ರೋಟೀನ್-ಎ ಜೀನಿನ ಎಕ್ಸ್ ಭಾಗದಲ್ಲಿ ಸಾಮಾನ್ಯವಾಗಿ 24 ಅಕ್ಷರದ ತುಂಡುಗಳು ಸಾಲಾಗಿ ಇರುತ್ತವೆ. ಎಷ್ಟು ತುಂಡು, ಯಾವ ಕ್ರಮ ಅನ್ನೋದರ ಮೇಲೆ ಟಿ ಅಂತ ಶುರುವಾಗೋ ನಂಬರ್ ಕೊಡುತ್ತಾರೆ. ನಮ್ಮ ದೇಶದಲ್ಲಿ ಮನುಷ್ಯರಿಂದ ಬರೋ ಎಂಆರ್‌ಎಸ್‌ಎಯಲ್ಲಿ (ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟ್ಯಾಫ್ ಆರಿಯಸ್) ಟಿ657, ಟಿ852 ಜಾಸ್ತಿ ಓದುತ್ತೀರಿ. ಮೊದಲನೆಯದು ಎಸ್‌ಟಿ 772, ಬೆಂಗಾಲ್ ಬೇ ಕ್ಲೋನ್ ಅಂತಾರಲ್ಲ ಅದು. ಎರಡನೆಯದು ಎಸ್‌ಟಿ 22. ಆಕಳ ಹಾಲಿನಲ್ಲಿ ಈ ನಂಬರ್ ಸಿಕ್ಕರೆ ಮನುಷ್ಯರ ಕೈಯಿಂದ ಹೋಗಿರಬಹುದಾ ಅಂತ ಅನುಮಾನ ಪಡಬಹುದು. ಸ್ಪಾದಲ್ಲಿ ಸುಖ ಏನು ಅಂದ್ರೆ ಉತ್ತರ ಅಕ್ಷರದಲ್ಲಿ ಬರುತ್ತೆ. ಜೆಲ್ ಫೋಟೋ ಹಿಡಿದುಕೊಂಡು ಈ ಬ್ಯಾಂಡ್ ಇದೆಯೋ ಇಲ್ಲವೋ ಅಂತ ಜಗಳ ಆಡಬೇಕಾಗಿಲ್ಲ. ಧಾರವಾಡದ ಟಿ ನಂಬರನ್ನು ಜರ್ಮನಿಯ ಟಿ ನಂಬರ್ ಜೊತೆ ನೇರ ಹೋಲಿಸಬಹುದು.

ಎಂಎಲ್‌ಎಸ್‌ಟಿ ಯಾಕೆ ಹೇಳಲಿಲ್ಲ ಅಂದ್ರೆ ದುಡ್ಡು. 1998ರಲ್ಲಿ ಮೆದುಳು ಜ್ವರದ ಮೆನಿಂಗೋಕಾಕಸ್‌ಗೆ ಮೊದಲು ಮಾಡಿದರು, ಆಮೇಲೆ ಎಲ್ಲದಕ್ಕೂ ಬಂತು. ಏಳು ಮನೆಗೆಲಸದ ಜೀನ್ (ಜೀವಕೋಶದ ದಿನನಿತ್ಯದ ಕೆಲಸಕ್ಕೆ ಬೇಕಾದವು), ಒಂದೊಂದರಲ್ಲೂ 450-500 ಅಕ್ಷರ ಓದಬೇಕು. ಎರಡೂ ಕಡೆಯಿಂದ ಓದಿಸಿದರೆ ಒಂದು ಐಸೊಲೇಟ್‌ಗೆ 14 ರೀಡ್. ನಲವತ್ತಕ್ಕೆ 560. ಸ್ಪಾ ಆದರೆ 80ರಲ್ಲಿ ಮುಗಿಯುತ್ತೆ. ಅದೂ ಅಲ್ಲದೆ ಎಂಎಲ್‌ಎಸ್‌ಟಿ ನೋಡೋದು ನಿಧಾನ ಬದಲಾಗುವ ಜೀನ್‌ಗಳನ್ನು. ದೇಶ ದೇಶಗಳ ನಡುವೆ ವಂಶ ನೋಡೋಕೆ ಅದು ಸರಿ, ಒಂದು ಕೊಟ್ಟಿಗೆಯೊಳಗಿನ ಹರಡುವಿಕೆ ನೋಡೋಕೆ ಅಷ್ಟಕ್ಕಷ್ಟೆ.

ಪಿಎಫ್‌ಜಿಇ ಮಷಿನ್ ಎಲ್ಲಾದರೂ ಸಿಕ್ಕರೂ ಒಂದು ಮಾತು ಗೊತ್ತಿರಲಿ. ಸ್ಟ್ಯಾಫ್‌ಗೆ ಬಳಸೋ ಸ್ಮಾ-ಒನ್ ಕಿಣ್ವ ಎಸ್‌ಟಿ 398 ಅನ್ನೋ ತಳಿಯ ಡಿಎನ್‌ಎ ಕತ್ತರಿಸೋದೇ ಇಲ್ಲ. ಹಂದಿ, ದನ ಸಾಕುವ ಕಡೆ ಸಿಗೋದೂ ಅದೇ ತಳಿ. ಜಾನುವಾರು ಸ್ಯಾಂಪಲ್ ಇಟ್ಟುಕೊಂಡು ಕೂತು, ಜೆಲ್ ಯಾಕೆ ಖಾಲಿ ಅಂತ ತಲೆ ಚಚ್ಚಿಕೊಳ್ಳೋದು ಬೇಡ.

ರಾಣೆಬೆನ್ನೂರಿನವರು ಹೇಳಿದ್ದನ್ನೂ ಬಿಡಬೇಡಿ. ಸ್ಪಾದಲ್ಲಿ ಮೂರೂ ಒಂದೇ ಬಂದು, ಅದೇ ನಂಬರ್ ಬೇರೆ ಊರಿನಲ್ಲೂ ಇದ್ದರೆ, ಆಗ ಆ ಮೂರು ಮತ್ತು ಹೊರಗಿನ ಒಂದೆರಡನ್ನು ಸೇರಿಸಿ ಜೀನೋಮ್‌ಗೆ ಕಳಿಸಬಹುದು. ಅಲ್ಲಿ ಅದಕ್ಕೆ ಅರ್ಥ ಇದೆ.

ಗದಗ_ದನದ_ಡಾಕ್ಟರ್:

ಚರ್ಚೆ ಚೆನ್ನಾಗಿದೆ. ಕೊಟ್ಟಿಗೆ ಕಡೆಯಿಂದ ನಾನೂ ಸ್ವಲ್ಪ ಹೇಳುತ್ತೇನೆ, ಯಾಕಂದ್ರೆ ಸ್ಯಾಂಪಲ್ ಕೆಟ್ಟರೆ ಮುಂದಿನ ಪಿಸಿಆರ್ ಎಲ್ಲ ದಂಡ.

ಹಾಲು ಹೇಗೆ ತೆಗೆದಿರಿ? ಮೊಲೆ ತೊಟ್ಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆಗಳನ್ನು ಚೆಲ್ಲಿ, ಆಮೇಲೆ ಸ್ಟೆರೈಲ್ ಟ್ಯೂಬಿಗೆ ಹಿಂಡಿರಬೇಕು. ನಾಲ್ಕು ತೊಟ್ಟಿನದ್ದೂ ಒಂದೇ ಬಾಟಲಿಗೆ ಹಾಕಿದ್ದರೆ ಚರ್ಮದ ಮೇಲಿನ ಸ್ಟ್ಯಾಫ್ ಬಂದಿರಬಹುದು, ಬಾವಿನದ್ದೇ ಅಂತ ಹೇಳೋಕಾಗಲ್ಲ. ಯಾವ ತೊಟ್ಟಿನದ್ದು ಅಂತ ಬರೆದಿಟ್ಟಿದ್ದೀರಾ ನೋಡಿ. ಇನ್ನೊಂದು, ಪ್ಲೇಟಿನಿಂದ ಒಂದೇ ಕಾಲೋನಿ ಆರಿಸಿದ್ದರೆ ಜೊತೆಗಿದ್ದ ಬೇರೆ ತಳಿ ತಪ್ಪಿಹೋಗುತ್ತೆ. ಆ ಮನೆಯ ಸ್ಯಾಂಪಲ್‌ಗಾದರೂ ಒಂದು ಪ್ಲೇಟಿನಿಂದ ನಾಲ್ಕೈದು ಕಾಲೋನಿ ತಗೊಳ್ಳಿ.

ಸ್ಟ್ಯಾಫ್ ಆರಿಯಸ್ ಬಾವು ಇರೋ ಕೆಚ್ಚಲಿನಿಂದ ಬ್ಯಾಕ್ಟೀರಿಯಾ ಎಲ್ಲ ದಿನವೂ ಒಂದೇ ಸಮ ಬರಲ್ಲ. ಇವತ್ತು ಬರುತ್ತೆ, ನಾಳೆ ಇಲ್ಲ. ಆದ್ದರಿಂದ ಒಂದು ಸಲ ಕಲ್ಚರ್ ನೆಗೆಟಿವ್ ಬಂತು ಅಂತ ಆ ಆಕಳಿಗೆ ಸೋಂಕಿಲ್ಲ ಅಂತ ಬರೆಯಬೇಡಿ. ಹಾಲಿನಿಂದ ನೇರ ಪಿಸಿಆರ್ ಮಾಡೋಣ ಅಂತ ಯಾರಾದರೂ ಹೇಳಿದರೆ ಹುಷಾರು. ಕೊಬ್ಬು, ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲ ಸೇರಿ ಪಿಸಿಆರ್ ನಡೆಸೋ ಟ್ಯಾಕ್ ಕಿಣ್ವಕ್ಕೆ ಅಡ್ಡ ಹಾಕುತ್ತವೆ. ನೆಗೆಟಿವ್ ಬಂದರೆ ಅದು ಬ್ಯಾಕ್ಟೀರಿಯಾ ಇಲ್ಲದ್ದಕ್ಕೋ ಹಾಲಿಗೋ ಗೊತ್ತಾಗಲ್ಲ.

ಅಜ್ಜಿಗೆ ಏನು ಹೇಳಬೇಕು ಅನ್ನೋದಕ್ಕೆ ಟೈಪಿಂಗ್ ಕಾಯಬೇಕಾಗಿಲ್ಲ. ಇ. ಕೋಲೈ ತರಹದ್ದು ಹೆಚ್ಚಾಗಿ ಸಗಣಿ, ರೊಜ್ಜಿನಿಂದ ಬರುತ್ತೆ. ಸ್ಟ್ಯಾಫ್ ಆರಿಯಸ್ ಮುಖ್ಯವಾಗಿ ಹಿಂಡೋ ಹೊತ್ತಿನಲ್ಲಿ ಕೈಯಿಂದ, ಒರೆಸೋ ಅರಿವೆಯಿಂದ, ಮಷಿನ್ ಇದ್ದರೆ ಅದರ ಕಪ್ಪಿನಿಂದ ಒಂದರಿಂದ ಒಂದಕ್ಕೆ ಹೋಗುತ್ತೆ. ಬಾವು ಬಂದ ಆಕಳನ್ನು ಕೊನೆಗೆ ಹಿಂಡಲಿ. ನಡುವೆ ಕೈ ಸಾಬೂನಿನಲ್ಲಿ ತೊಳೆಯಲಿ. ಒಂದೇ ಅರಿವೆಯಲ್ಲಿ ಎಲ್ಲ ಕೆಚ್ಚಲು ಒರೆಸೋದು ಬಿಡಲಿ. ಹಿಂಡಿದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಲಿ. ನಿಮ್ಮ ಫಲಿತಾಂಶ ಏನೇ ಬಂದರೂ ಇದನ್ನು ಮಾಡಲೇಬೇಕು. ಫೋನ್ ಮಾಡಿ ಹೇಳಿಬಿಡಿ.

ಮೆಕ್-ಎ (ಸ್ಟ್ಯಾಫ್ ಆರಿಯಸ್ ಅನ್ನು ಎಂಆರ್‌ಎಸ್‌ಎ ಮಾಡುವ ಜೀನ್) ಬಗ್ಗೆ ಯಾರೂ ಮಾತಾಡಿಲ್ಲ. ಅದನ್ನೂ ನೋಡಿ. ಊರಲ್ಲಿ ಬಾವು ಬಂದ ತಕ್ಷಣ ಅಂಗಡಿಯಿಂದ ಆ್ಯಂಟಿಬಯಾಟಿಕ್ ಟ್ಯೂಬ್ ತಂದು ತೊಟ್ಟಿಗೆ ಏರಿಸೋರು ಬಹಳ ಮಂದಿ, ಬಾವು ಇಳಿದ ತಕ್ಷಣ ಅರ್ಧಕ್ಕೆ ನಿಲ್ಲಿಸುತ್ತಾರೆ.

ಶಿರಹಟ್ಟಿ_ಸೀಮೆ:

ನಡುವೆ ಬಾಯಿ ಹಾಕ್ತಿದ್ದೇನೆ, ನಾನು ಸೈನ್ಸ್ ಓದಿದವನಲ್ಲ. ನಮ್ಮ ಮಾವನವರಿಗೆ ಕಫ ಪರೀಕ್ಷೆ ಮಾಡಿ ಸಿಬಿನಾಟ್ ಅಂತ ಬರೆದು ಟಿಬಿ ಇದೆ ಅಂದರು, ಔಷಧಿ ನಡೆದಿದೆ. ನೀವೆಲ್ಲ ಹೇಳ್ತಿರೋ ಪಿಸಿಆರ್ ಅದೇನಾ? ಎರಡು ತಿಂಗಳ ಮೇಲೆ ಅದೇ ಟೆಸ್ಟ್ ಮತ್ತೆ ಮಾಡಿ ಅಂದರೆ ಡಾಕ್ಟರ್ ಬೇಡ ಅಂತಾರೆ. ಯಾಕೆ?

ಹುಬ್ಬಳ್ಳಿ_ಲ್ಯಾಬ್:

ಹೌದು ಅಣ್ಣ, ಅದೂ ಪಿಸಿಆರೇ. ಕಾರ್ಟ್ರಿಡ್ಜ್ ಒಳಗೇ ಎಲ್ಲ ನಡೆಯುತ್ತೆ, ಎರಡು ಗಂಟೆ ಹೊತ್ತಿನಲ್ಲಿ ಉತ್ತರ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಟಿಬಿ ಇದೆಯಾ ಅನ್ನೋದರ ಜೊತೆಗೆ ಆರ್‌ಪಿಒ-ಬಿ ಜೀನಿನ 81 ಅಕ್ಷರದ ಒಂದು ತುಂಡು ನೋಡಿ ರಿಫಾಂಪಿಸಿನ್ ಔಷಧಿ ಕೆಲಸ ಮಾಡುತ್ತಾ ಇಲ್ವಾ ಅಂತಲೂ ಹೇಳುತ್ತೆ. ಗೋವಾದ ಕಂಪನಿಯ ಟ್ರೂನಾಟ್ ಕೂಡ ಇದೇ ಜಾತಿಯದು. ಬ್ಯಾಟರಿ ಮೇಲೆ ನಡೆಯುತ್ತೆ, ಅದಕ್ಕೇ ತಾಲೂಕು ಮಟ್ಟದಲ್ಲಿ ಕಾಣಿಸುತ್ತೆ.

ಔಷಧಿ ಶುರುವಾದ ಮೇಲೆ ಯಾಕೆ ಬೇಡ ಅಂದ್ರೆ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಕಫದಲ್ಲಿ ತುಂಬ ದಿನ ಇರುತ್ತೆ. ಪಿಸಿಆರ್‌ಗೆ ಸತ್ತದ್ದು ಬದುಕಿದ್ದು ವ್ಯತ್ಯಾಸ ಗೊತ್ತಿಲ್ಲ. ಗುಣವಾಗುತ್ತಿದ್ದರೂ ಪಾಸಿಟಿವ್ ಅಂತ ಬಂದು ನಿಮಗೆ ಸುಮ್ನೆ ಗಾಬರಿ. ಅದಕ್ಕೇ ಸ್ಲೈಡ್ ಮತ್ತು ಕಲ್ಚರ್ ನೋಡುತ್ತಾರೆ. ಡಾಕ್ಟರ್ ಹೇಳಿದ್ದು ಸರಿ ಇದೆ, ಔಷಧಿ ಮಾತ್ರ ನಡುವೆ ಬಿಡಬೇಡಿ.

ಟಿಬಿಯಲ್ಲೂ ತಳಿ ನೋಡುವ ವಿಧಾನ ಬೇರೆಯೇ ಇವೆ. ಸ್ಪೋಲಿಗೋಟೈಪಿಂಗ್ ಅಂತ, 43 ತುಂಡುಗಳಲ್ಲಿ ಯಾವುದಿದೆ ಯಾವುದಿಲ್ಲ ಅಂತ ನೋಡೋದು. ಅದರಿಂದಲೇ ದಕ್ಷಿಣ ಭಾರತದ ತಳಿಗಳು ಬೇರೆ, ಉತ್ತರದವು ಬೇರೆ ಅಂತ ತಿಳಿದಿದ್ದು. ಆದರೆ ಅದು ಸಂಶೋಧನೆಗೆ. ನಿಮ್ಮ ಮಾವನವರ ಚಿಕಿತ್ಸೆಗೆ ಅದರ ಅಗತ್ಯ ಇಲ್ಲ.

ಶಿರಹಟ್ಟಿ_ಸೀಮೆ:

ಭಾಳ ಉಪಕಾರ ಆಯ್ತು ಸರ್.

ಧಾರವಾಡ_ಎಂಎಸ್ಸಿ:

ಎಲ್ಲರಿಗೂ ಥ್ಯಾಂಕ್ಸ್. (ಹುಡುಗಿ, ಪರವಾಗಿಲ್ಲ ಸರ್.) ಗೈಡ್ ಸರ್‌ಗೆ ಈ ಚರ್ಚೆ ತೋರಿಸಿದೆ. ನ್ಯೂಕ್ ಮತ್ತು ಕೊಯಾಗ್ಯುಲೇಸ್ ಎಲ್ಲಕ್ಕೂ, ಸ್ಪಾ ಕೆಲವಕ್ಕೆ ಅನ್ನೋದಕ್ಕೆ ಒಪ್ಪಿದರು. 16ಎಸ್ ಒಂದೆರಡಾದರೂ ಇರಲಿ ಅಂದರು, ಇರಲಿ ಬಿಡಿ. ತೊಟ್ಟಿನ ನಂಬರ್ ಬರೆದಿಟ್ಟಿದ್ದೇನೆ, ಪುಣ್ಯ. ಅಜ್ಜಿಯ ಮಗನಿಗೆ ಫೋನ್ ಮಾಡಿ ಹಿಂಡುವ ಕ್ರಮ ಹೇಳಿದೆ.

ಮೆಕ್-ಎ ಹೇಗೆ ಮಾಡಲಿ? ಡಿಎನ್‌ಎ ತೆಗೆಯೋಕೆ ಕುದಿಸಿದರೆ ಸಾಕಾ? ಇ. ಕೋಲೈಗೆ ಪ್ರಾಕ್ಟಿಕಲ್‌ನಲ್ಲಿ ಹಾಗೇ ಮಾಡಿದ್ದೆವು. ಕೈ ಸ್ವಾಬ್ ವಿಷಯವನ್ನೂ ಯಾರೂ ಹೇಳಲಿಲ್ಲ.

ಪಾವಟೆನಗರ_ಪಿಎಚ್‌ಡಿ:

ಕೈ ಸ್ವಾಬ್ ಅಂದರೆ ಮನುಷ್ಯರ ಸ್ಯಾಂಪಲ್ ತಂಗಿ. ಎಥಿಕ್ಸ್ ಕಮಿಟಿ ಒಪ್ಪಿಗೆ, ಆ ಮನೆಯವರ ಸಹಿ ಎರಡೂ ಬೇಕು. ಒಪ್ಪಿಗೆ ಸಿಗೋ ಮೊದಲು ತೆಗೆದದ್ದನ್ನು ಥೀಸಿಸ್‌ನಲ್ಲಿ ಹಾಕೋಕಾಗಲ್ಲ. ಈ ವರ್ಷಕ್ಕೆ ಬಿಟ್ಟುಬಿಡು ಅಂತಲೇ ಹೇಳುತ್ತೇನೆ. ಆಕಳಿನದ್ದೇ ಬೇಕಾದಷ್ಟಿದೆ.

ಕುದಿಸೋದು ಸ್ಟ್ಯಾಫ್‌ಗೆ ಒಮ್ಮೊಮ್ಮೆ ಆಗುತ್ತೆ, ಒಮ್ಮೊಮ್ಮೆ ಇಲ್ಲ. ಅದರ ಗೋಡೆ ದಪ್ಪ. ಲೈಸೋಜೈಮ್‌ಗೂ ಜಗ್ಗಲ್ಲ. ಲೈಸೋಸ್ಟಾಫಿನ್ ಅನ್ನೋ ಕಿಣ್ವ ಬೇಕು. ಆ ಗೋಡೆಯಲ್ಲಿ ಗ್ಲೈಸಿನ್‌ನ ಸೇತುವೆಗಳಿರುತ್ತವೆ, ಅವನ್ನೇ ಅದು ಕತ್ತರಿಸೋದು. ದುಬಾರಿ, ಆದರೆ ಸ್ವಲ್ಪವೇ ಸಾಕು. ಸೀನಿಯರ್ಸ್ ಹತ್ತಿರ ಉಳಿದಿರುತ್ತೆ, ಕೇಳಿ ನೋಡು. ಸಿಗದಿದ್ದರೆ ಕುದಿಸಿದ್ದರಲ್ಲೇ ಮೊದಲು ನ್ಯೂಕ್ ಹಾಕು. ನ್ಯೂಕ್ ಬ್ಯಾಂಡ್ ಬಂದ ಡಿಎನ್‌ಎಯಲ್ಲಿ ಮಾತ್ರ ಮೆಕ್-ಎ ನೆಗೆಟಿವ್ ಅಂತ ನಂಬಬಹುದು. ಅದಿಲ್ಲದೆ ಬಂದ ನೆಗೆಟಿವ್‌ಗೆ ಬೆಲೆ ಇಲ್ಲ.

ಕಂಟ್ರೋಲ್ ಇಲ್ಲದ ಜೆಲ್ ನನಗೆ ತೋರಿಸಲೇಬೇಡ. ಎಟಿಸಿಸಿ ಅನ್ನೋ ಸಂಗ್ರಹದ ತಳಿಗಳಲ್ಲಿ 43300 ಮೆಕ್-ಎ ಇರೋದು, 25923 ಇಲ್ಲದ್ದು. ಎರಡೂ ಇಟ್ಟುಕೊ, ಜೊತೆಗೆ ಡಿಎನ್‌ಎ ಬದಲು ನೀರು ಹಾಕಿದ ಟ್ಯೂಬ್ ಒಂದು. 16ಎಸ್ ಮಾಡುವಾಗ ಆ ನೀರಿನ ಟ್ಯೂಬಿನಲ್ಲೂ ಮಂದ ಬ್ಯಾಂಡ್ ಬಂದರೆ ಬೆಚ್ಚಬೇಡ, ಟ್ಯಾಕ್ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಸೋದರಿಂದ ಅದರ ಡಿಎನ್‌ಎ ಉಳಿದಿರುತ್ತೆ. ನ್ಯೂಕ್‌ನಲ್ಲಿ ಬಂದರೆ ಮಾತ್ರ ಬೆಚ್ಚು, ಅದು ನಿನ್ನ ಬೆಂಚಿನಿಂದಲೇ ಬಂದಿರೋದು.

ಕೊಯಾಗ್ಯುಲೇಸ್ ಜೆಲ್‌ಗೆ ಅಂಚಿನಲ್ಲೂ ನಡುವೆಯೂ ಲ್ಯಾಡರ್ (ಗೊತ್ತಿರೋ ಅಳತೆಯ ಡಿಎನ್‌ಎ ತುಂಡುಗಳು) ಹಾಕು. ಆ ಮನೆಯ ಮೂರನ್ನು ಅಕ್ಕಪಕ್ಕದ ಲೇನ್‌ನಲ್ಲೇ ಓಡಿಸು. ಬೇರೆ ಬೇರೆ ಜೆಲ್‌ನಲ್ಲಿ ಓಡಿಸಿ ಫೋಟೋ ಕತ್ತರಿಸಿ ಜೋಡಿಸಬೇಡ. ಎಥಿಡಿಯಂ ಬ್ರೋಮೈಡ್ ಮುಟ್ಟುವಾಗ ಗ್ಲೌಸ್, ಹೇಳಬೇಕಾಗಿಲ್ಲ.

ಗದಗ_ದನದ_ಡಾಕ್ಟರ್:

ಮೆಕ್-ಎ ಜೊತೆಗೆ ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ ಡಿಸ್ಕ್ ಇಡಿ. ಸ್ಟ್ಯಾಫ್ ಆರಿಯಸ್‌ಗೆ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 21 ಮಿಲಿಮೀಟರ್ ಅಥವಾ ಕಡಿಮೆ ಬಂದರೆ ಎಂಆರ್‌ಎಸ್‌ಎ ಅಂತ ಲೆಕ್ಕ. ಡಿಸ್ಕ್ ರೆಸಿಸ್ಟೆಂಟ್, ಮೆಕ್-ಎ ನೆಗೆಟಿವ್ ಅಂತ ಒಂದು ಬಂದರೆ ಪಿಸಿಆರ್ ಕೆಟ್ಟಿತು ಅಂತ ಬಿಸಾಡಬೇಡಿ. ಮೆಕ್-ಸಿ ಅಂತ ಇನ್ನೊಂದು ಜೀನ್ ಇದೆ. ಮೆಕ್-ಎ ಜೊತೆ ಸುಮಾರು ಶೇಕಡ 70 ಮಾತ್ರ ಹೋಲುತ್ತೆ, ಮಾಮೂಲಿ ಪ್ರೈಮರ್‌ಗೆ ಸಿಗಲ್ಲ. 2011ರಲ್ಲಿ ಪ್ರಕಟವಾಯಿತು, ಮೊದಲು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, ಅದೂ ಆಕಳ ಹಾಲಿನ ಸ್ಯಾಂಪಲ್‌ನಲ್ಲಿ.

ಧಾರವಾಡ_ಎಂಎಸ್ಸಿ:

ಸರ್, ಅದು ಗೊತ್ತೇ ಇರಲಿಲ್ಲ. ಕೊನೆಯದಾಗಿ ಒಂದು. ನಮ್ಮ ಕಡೆ ಮೈನಸ್ 80 ಇಲ್ಲ. ಸ್ಟಾಕ್ ಎಲ್ಲ ಮಾಮೂಲಿ ಮೈನಸ್ 20ರಲ್ಲಿದೆ, ಮಳೆಗಾಲದಲ್ಲಿ ಕರೆಂಟ್ ಬೇರೆ ಹೋಗಿ ಬರುತ್ತೆ. ಪ್ರೈಮರ್ ಬರೋಕೆ ಇನ್ನೂ ಹೊತ್ತಿದೆ. ತೊಂದರೆ ಇದೆಯಾ?

ಪಾವಟೆನಗರ_ಪಿಎಚ್‌ಡಿ:

ಇದೆ. ಮೈನಸ್ 20ರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೆಲವು ಸಾಯುತ್ತವೆ. ಇನ್ನೂ ದೊಡ್ಡ ತೊಂದರೆ ಏನಂದ್ರೆ, ಇಟ್ಟ ಎಂಆರ್‌ಎಸ್‌ಎ ಕೆಲವೊಮ್ಮೆ ಮೆಕ್-ಎ ಇರೋ ತುಂಡನ್ನೇ ಕಳೆದುಕೊಳ್ಳುತ್ತೆ. ಮತ್ತೆ ಮತ್ತೆ ಸಬ್‌ಕಲ್ಚರ್ ಮಾಡಿದರೂ ಆ ಭಯ ಇದೆ. ಪ್ರೈಮರ್ ಕಾಯಬೇಡ. ಈ ವಾರವೇ ಎಲ್ಲವನ್ನೂ ಒಮ್ಮೆ ಪ್ಲೇಟಿಗೆ ಹಾಕಿ, ಒಂದೇ ಪ್ಲೇಟಿನಿಂದ ಡಿಸ್ಕ್ ಟೆಸ್ಟ್‌ಗೂ ಡಿಎನ್‌ಎಗೂ ತಗೊ. ಡಿಎನ್‌ಎ ಆದರೆ ಮೈನಸ್ 20ರಲ್ಲಿ ಆರಾಮಾಗಿ ಇರುತ್ತೆ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡು. ಕಲ್ಚರ್‌ನ ಒಂದು ಸೆಟ್ ನಮ್ಮ ಮೈನಸ್ 80ರಲ್ಲಿ ಇಡಬಹುದಾ ಅಂತ ನಮ್ಮ ಮೇಡಂ ಹತ್ತಿರ ಕೇಳುತ್ತೇನೆ. ನಿಮ್ಮ ಗೈಡ್ ಕಡೆಯಿಂದ ಒಂದು ಪತ್ರ ಬೇಕಾಗುತ್ತೆ. ಟ್ಯೂಬಿನ ಮೇಲೆ ಪೆನ್ಸಿಲ್ ಇಲ್ಲಾ ಕ್ರಯೋ ಮಾರ್ಕರ್‌ನಲ್ಲಿ ಬರೆ. ಸ್ಪಿರಿಟ್ ತಾಗಿದರೆ ಮಾಮೂಲಿ ಮಾರ್ಕರ್ ಅಳಿಸಿಹೋಗುತ್ತೆ.